ವಿಮಾನದ ಬೆಂಕಿಯನ್ನು ಬೆನ್ನಟ್ಟಿದ ವಿಜ್ಞಾನಿ

ಒಂದೇ ಸಂಸ್ಥೆಗೆ ಸೇರಿದ, ಒಂದೇ ಮಾದರಿಯ ಎರಡು ವಿಮಾನಗಳ ವೃತ್ತಾಂತದಿಂದ ಈ ಲೇಖನವನ್ನು ಆರಂಭಿಸುವುದು ಉಚಿತವೆಂದು ತೋರುತ್ತದೆ. 2010ನೆಯ ಇಸವಿಯ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಬೋಯಿಂಗ್ 737-800 ವಿಮಾನವೊಂದು ಮಂಗಳೂರಿನ ಬಜ್ಪೆಯಲ್ಲಿ ರನ್‌ವೇಯ ತುದಿಯೊಳಗೆ ನಿಲ್ಲಲಾರದೆ ಮುಂದಕ್ಕೆ ಸಾಗಿತು. ಅದರ ಬಲರೆಕ್ಕೆಯು ಸಂಕೇತಸ್ತಂಭಗಳನ್ನು ನಿಲ್ಲಿಸಿದ್ದ ಕಾಂಕ್ರೀಟ್ ಕಟ್ಟೆಗೆ ಬಡಿಯಿತು; ವಿಮಾನವು ಗುಡ್ಡದ ಅಂಚಿನಿಂದ ಕೆಳಗಿನ ಕಮರಿಗೆ ಉರುಳಿ ಹೊತ್ತಿಕೊಂಡಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮೃತರಾದರು. ಒಡಲಿನಲ್ಲಿ ಬಿಟ್ಟ ಬಿರುಕಿನ ಮೂಲಕ ಹೊರಬಿದ್ದ 8 ಮಂದಿ ಮಾತ್ರ ಬದುಕಿದರು. ಹತ್ತು ವರ್ಷಗಳ ತರುವಾಯ, 2020ನೆಯ ಇಸವಿಯ ಆಗಸ್ಟ್ 7ರಂದು, ಅದೇ ದುಬೈಯಿಂದ ಬಂದ ಅದೇ ಮಾದರಿಯ ವಿಮಾನವು ಸುರಿಯುವ ಮಳೆಯಲ್ಲಿ ಕೋಳಿಕ್ಕೋಡಿನ ಬೆಟ್ಟದ ಮೇಲಿನ ರನ್‌ವೇಯನ್ನು ದಾಟಿ, ನೂರಕ್ಕೂ ಹೆಚ್ಚು ಅಡಿಗಳಷ್ಟು ಕೆಳಕ್ಕೆ ಜಾರಿ, ಮೂರು ತುಂಡಾಯಿತು. ಅದರಲ್ಲಿ 190 ಮಂದಿಯಿದ್ದರು. ಇಬ್ಬರು ಚಾಲಕರೂ ಸೇರಿದಂತೆ 21 ಮಂದಿ ಮಡಿದರು, ಉಳಿದವರೆಲ್ಲರೂ ಬದುಕಿದರು. ಅಲ್ಲಿಯೂ ಇಂಧನ ಸೋರಿತ್ತು. ಆದರೆ ಬೆಂಕಿ ಹೊತ್ತಲಿಲ್ಲ.

ಎರಡು ಅಪಘಾತಗಳು ಎಲ್ಲ ವಿಷಯದಲ್ಲಿಯೂ ಸಮಾನವಲ್ಲ. ಬಿದ್ದ ನೆಲ ಬೇರೆ, ತಗುಲಿದ ಪೆಟ್ಟು ಬೇರೆ, ಹವೆಯೂ ಬೇರೆ. ಆದುದರಿಂದ ವ್ಯತ್ಯಾಸಕ್ಕೆಲ್ಲ ಬೆಂಕಿಯೊಂದೇ ಕಾರಣವೆಂದು ನಾವು ಹೇಳಲಾರೆವು. ಆದರೂ ವಿಮಾನ ಮುರಿಯುವುದು ಒಂದು, ವಿಮಾನ ಉರಿಯುವುದು ಇನ್ನೊಂದು ಎಂಬ ಮಾತನ್ನು ಈ ಎರಡು ಘಟನೆಗಳು ನಮ್ಮ ನೆರೆಹೊರೆಯಲ್ಲಿಯೇ ಕಣ್ಣಿಗೆ ಕಟ್ಟುವಂತೆ ತೋರಿಸಿವೆ. ಮುರಿದ ವಿಮಾನದಿಂದ ಮನುಷ್ಯನು ತೆವಳಿಯಾದರೂ ಹೊರಬರಬಹುದು. ಉರಿಯುವ ವಿಮಾನವು ಅವನಿಗೆ ಕೊಡುವ ಅವಕಾಶ ಕೆಲವೇ ನಿಮಿಷಗಳು, ಎಷ್ಟೋ ಸಲ ಕೆಲವೇ ಕ್ಷಣಗಳು. ಹಾಗಿದ್ದಲ್ಲಿ ಈ ಬೆಂಕಿ ಹುಟ್ಟುವುದು ಹೇಗೆ? ರೆಕ್ಕೆಯ ತೊಟ್ಟಿಯಲ್ಲಿದ್ದ ಎಣ್ಣೆಯು ಕಿಡಿಯನ್ನು ಸೇರುವುದು ಯಾವ ದಾರಿಯಿಂದ? ಆ ದಾರಿಯನ್ನು ನಡುವೆ ಕಡಿಯಬಹುದೆ? ಈ ಪ್ರಶ್ನೆಗಳಿಗೆ ಊಹೆಯಿಂದಲ್ಲದೆ ಪ್ರಯೋಗದಿಂದ ಉತ್ತರ ಹುಡುಕಲು ಹೊರಟವರಲ್ಲಿ ಅಮೆರಿಕದ ಇರ್ವಿಂಗ್ ಪಿಂಕೆಲ್ ಎಂಬ ಸಂಶೋಧಕರು ಅಗ್ರಗಣ್ಯರು. ಅವರ ಕೆಲಸದ ಪರಿಚಯವನ್ನು ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ವಿಮಾನವು ಸೈನಿಕರ ವಾಹನವಾಗಿದ್ದುದು ಹೋಗಿ ಸಾಮಾನ್ಯ ಪ್ರಯಾಣಿಕರ ವಾಹನವಾಯಿತು. ಇಳಿಯುವಾಗಲೋ ಏರುವಾಗಲೋ ಎಡವಿದ ವಿಮಾನಗಳಲ್ಲಿ ಪೆಟ್ಟಿನಿಂದ ಸಾಯದವರು ಬೆಂಕಿಯಿಂದ ಸತ್ತ ಪ್ರಸಂಗಗಳು ಮೇಲಿಂದ ಮೇಲೆ ನಡೆದವು. ತನಿಖೆಗೆ ಹೋದವರಿಗೆ ಸಿಕ್ಕುತ್ತಿದ್ದುದು ಬೂದಿ ಮತ್ತು ಕರಗಿದ ಲೋಹ. ಬೆಂಕಿಯು ತಾನು ಹುಟ್ಟಿದ ಸ್ಥಳದ ಗುರುತನ್ನು ತಾನೇ ಅಳಿಸಿಬಿಡುತ್ತದೆ. ಕಳ್ಳನೇ ಸಾಕ್ಷಿಯನ್ನು ಕೊಂದುಹೋದಂತೆ. ಓಹಿಯೋ ಸಂಸ್ಥಾನದ ಕ್ಲೀವ್‌ಲೆಂಡ್ ನಗರದಲ್ಲಿ ಅಮೆರಿಕದ ರಾಷ್ಟ್ರೀಯ ವಿಮಾನಶಾಸ್ತ್ರ ಸಲಹಾ ಸಮಿತಿಗೆ ಸೇರಿದ ಲೂಯಿಸ್ ಪ್ರಯೋಗಾಲಯವಿತ್ತು. (ಈ ಸಮಿತಿಯೇ 1958ರಲ್ಲಿ ನಾಸಾ ಎಂಬ ಹೆಸರಾಂತ ಸಂಸ್ಥೆಯಾಗಿ ಮಾರ್ಪಟ್ಟಿತು, ಪ್ರಯೋಗಾಲಯಕ್ಕೆ ಈಗ ಗ್ಲೆನ್ ಎಂಬ ಹೆಸರಿದೆ.) ಅಲ್ಲಿದ್ದ ಪಿಂಕೆಲ್ಲರೂ ಅವರ ಸಂಗಡಿಗರೂ ಬಂದ ತೀರ್ಮಾನ ಸರಳವಾದುದು, ಆದರೆ ಎದೆಗಾರಿಕೆಯದು: ಅಪಘಾತದ ಬೆಂಕಿಯನ್ನು ಅರಿಯಬೇಕಾದರೆ ಅಪಘಾತವನ್ನು ನಾವೇ ಮಾಡಬೇಕು, ಮತ್ತು ಅದು ನಡೆಯುವಾಗ ನೋಡುತ್ತಿರಬೇಕು.

ಇದಕ್ಕೆ ಕಾಲವೂ ಅನುಕೂಲವಾಗಿತ್ತು. ಯುದ್ಧಕ್ಕಾಗಿ ಕಟ್ಟಿದ ಸಾಮಾನು ಸಾಗಣೆಯ ವಿಮಾನಗಳು ಬೇಡವಾಗಿ ನಿಂತಿದ್ದವು. ಸಿ-46 ಮತ್ತು ಸಿ-82 ಎಂಬ ಎರಡು ಎಂಜಿನುಗಳ ವಿಮಾನಗಳನ್ನು ಸೇನೆಯಿಂದ ಪಡೆದು, ರಾವೆನ್ನಾ ಎಂಬಲ್ಲಿಯ ಮದ್ದುಗುಂಡುಗಳ ಕೋಠಿಯ ವಿಶಾಲವಾದ ಬಯಲಿನಲ್ಲಿ 1949ರ ಸುಮಾರಿಗೆ ಪ್ರಯೋಗಗಳನ್ನು ತೊಡಗಿದರು. ಸುಮಾರು 1,700 ಅಡಿ ಉದ್ದದ ಹಾದಿ. ಅದರ ನಡುವೆ ವಿಮಾನವು ಅತ್ತಿತ್ತ ಸರಿಯದಂತೆ ಹಿಡಿದಿಡುವ ಒಂದು ಕಂಬಿ. ಒಳಗೆ ಯಾರೂ ಇಲ್ಲದ ವಿಮಾನವು ತನ್ನ ಎಂಜಿನುಗಳ ಬಲದಿಂದಲೇ ಗಂಟೆಗೆ 80ರಿಂದ 105 ಮೈಲಿ ವೇಗವನ್ನು, ಎಂದರೆ ನೆಲಬಿಟ್ಟು ಏರುವ ಹೊತ್ತಿನ ವೇಗವನ್ನು, ಪಡೆಯುತ್ತಿತ್ತು. ಹಾದಿಯ ಕೊನೆಯಲ್ಲಿ ಅದರ ಗಾಲಿಗಳನ್ನೂ ಪಂಖಗಳನ್ನೂ ಮುರಿಯುವ ತಡೆಗೋಡೆಗಳು. ಆ ಬಳಿಕ ರೆಕ್ಕೆಯ ಇಂಧನದ ತೊಟ್ಟಿಗಳನ್ನು ಸೀಳುವ ಕಂಬಗಳು. ವೇಗವಾಗಿ ಚಿತ್ರ ತೆಗೆಯುವ ಅನೇಕ ಕ್ಯಾಮರಾಗಳು ಸುತ್ತಲೂ ಕಾದಿರುತ್ತಿದ್ದವು. ಪೆಟ್ರೋಲು ಬಣ್ಣವಿಲ್ಲದ ದ್ರವವಾದುದರಿಂದ ಅದರ ಚಲನೆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣಲೆಂದು ಅದಕ್ಕೆ ಕೆಂಪು ಬಣ್ಣವನ್ನು ಬೆರೆಸಿದ್ದರು. ಪ್ರತಿಯೊಂದು ಪ್ರಯೋಗಕ್ಕೂ ಒಂದೊಂದು ವಿಮಾನ ಬಲಿ! ದುಂದುಗಾರಿಕೆಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಗುಜರಿಗೆ ಹೋಗಬೇಕಾಗಿದ್ದ ಲೋಹದಿಂದ ಇಷ್ಟೊಂದು ಜ್ಞಾನವನ್ನು ಹಿಂಡಿದ ಉದಾಹರಣೆಗಳು ವಿರಳವೆಂದೇ ನಾವು ಹೇಳುತ್ತೇವೆ.

ಆ ಚಿತ್ರಗಳನ್ನು ನಿಧಾನವಾಗಿ ಓಡಿಸಿ ನೋಡಿದಾಗ ಕಂಡದ್ದೇನು? ತೊಟ್ಟಿಯೊಡೆದರೆ ಪೆಟ್ರೋಲು ಕೆಳಗೆ ಸುರಿದು, ನೆಲದ ಮೇಲೆ ಹರಡಿ, ಆ ಬಳಿಕ ಹೊತ್ತಿಕೊಳ್ಳುವುದೆಂದು ನಾವು ನೀವು ಭಾವಿಸುವುದು ಸಹಜ. ನಡೆದದ್ದು ಹಾಗಲ್ಲ. ಓಡುತ್ತಿದ್ದ ಬಸ್ಸು ಥಟ್ಟನೆ ನಿಂತಾಗ ನಿಂತಿದ್ದ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುವಂತೆ, ವಿಮಾನವು ಅಡೆತಡೆಗೆ ಬಡಿದು ವೇಗ ಕಳೆದುಕೊಳ್ಳುವಾಗ ತೊಟ್ಟಿಯೊಳಗಿನ ಇಂಧನವು ಮುಂದಕ್ಕೆ ನುಗ್ಗುತ್ತದೆ. ರೆಕ್ಕೆಯ ಮುಂದಂಚಿನಲ್ಲಿ ಸೀಳಿದ್ದರೆ ಅಲ್ಲಿಂದ ಧಾರೆಯಾಗಿ ಹೊರಕ್ಕೆ ಚಿಮ್ಮುತ್ತದೆ. ಎದುರಿನಿಂದ ರಭಸವಾಗಿ ಬರುವ ಗಾಳಿಯು ಆ ಧಾರೆಯನ್ನು ಚೂರುಚೂರಾಗಿ ಒಡೆದು ನವಿರಾದ ತುಂತುರನ್ನಾಗಿ ಮಾಡುತ್ತದೆ. ವಿಮಾನದ ವೇಗ ಹೆಚ್ಚಾಗಿರುವ ತನಕ ಈ ತುಂತುರಿನ ಮೋಡವು ಹಿಂದಕ್ಕೆ ತೂರಿಹೋಗುತ್ತಿರುತ್ತದೆ. ವೇಗ ತಗ್ಗಿದ ಹಾಗೆಲ್ಲ ಮೋಡವು ರೆಕ್ಕೆಯ ಮುಂದಕ್ಕೂ ಪಕ್ಕಕ್ಕೂ ಹಬ್ಬಿ, ಎಂಜಿನನ್ನು ಆವರಿಸಿಬಿಡುತ್ತದೆ. ವಿಮಾನವು ನಿಲ್ಲುವ ಕೊನೆಯ ಕ್ಷಣಗಳು, ಒಳಗಿದ್ದವರು ‘ಬದುಕಿದೆವು’ ಎಂದುಕೊಳ್ಳುವ ಆ ಕ್ಷಣಗಳೇ, ಹೆಚ್ಚಿನ ಅಪಾಯದವು ಎಂಬುದು ಈ ಚಿತ್ರಗಳು ತಿಳಿಸಿದ ಮೊದಲ ಸಂಗತಿ.

ಇದರ ಮಹತ್ತ್ವವನ್ನು ತಿಳಿಯಲು ನಮ್ಮ ಹಳೆಯ ಅಡುಗೆಮನೆಗಳಲ್ಲಿದ್ದ ಪ್ರೈಮಸ್ ಒಲೆಯನ್ನು ನೆನೆದರೆ ಸಾಕು. ತಣ್ಣಗಿರುವ ಸೀಮೆಎಣ್ಣೆಯು ಬಟ್ಟಲಿನಲ್ಲಿರುವಾಗ ಮಂದವಾದ ದ್ರವ. ಅದರ ಮೇಲ್ಮೈಯಿಂದ ಏಳುವ ಆವಿ ಉರಿಯಲು ಸಾಲದು. ಜೆಟ್ ವಿಮಾನಗಳ ಇಂಧನವೂ ಒಂದು ಬಗೆಯ ಸೀಮೆಎಣ್ಣೆಯೇ; ಅದರ ಆವಿ ಹೊತ್ತಿಕೊಳ್ಳುವಷ್ಟಾಗಬೇಕಾದರೆ ದ್ರವವು ಸುಮಾರು 38 ಸೆಂಟಿಗ್ರೇಡ್ ಡಿಗ್ರಿಯಷ್ಟಾದರೂ ಬೆಚ್ಚಗಿರಬೇಕು. ಆದರೆ ಪ್ರೈಮಸ್ ಒಲೆ ಸಾಕಷ್ಟು ಕಾಯುವ ಮೊದಲೇ ಆತುರದಿಂದ ಪಂಪು ಒತ್ತಿದಾಗ, ಸಣ್ಣ ರಂಧ್ರದಿಂದ ಹನಿಹನಿಯಾಗಿ ಸಿಡಿದ ಎಣ್ಣೆಯು ಭುಗ್ಗೆಂದು ಹತ್ತಿ ಮಾಳಿಗೆಯವರೆಗೆ ಜ್ವಾಲೆ ಎದ್ದುದನ್ನು ಹಿರಿಯ ಓದುಗರು ಮರೆತಿರಲಾರರು. ಹನಿ ಚಿಕ್ಕದಾದಷ್ಟೂ ಅದಕ್ಕೆ ತಗುಲುವ ಗಾಳಿ ಹೆಚ್ಚು, ಅದು ಕಾಯುವುದು ಬೇಗ. ಹೀಗಾಗಿ ತುಂತುರಾದ ಎಣ್ಣೆಗೆ ಅದರ ದ್ರವರೂಪದ ಸೌಮ್ಯಗುಣ ಉಳಿಯುವುದಿಲ್ಲ. ಪೆಟ್ರೋಲಿಗೆ ಬದಲಾಗಿ ಬೇಗ ಆವಿಯಾಗದ ಇಂಧನವನ್ನು ಬಳಸಿದರೆ ಅಪಘಾತದ ಬೆಂಕಿಯ ಪ್ರಶ್ನೆ ಬಗೆಹರಿಯುವುದೆಂಬ ನಂಬಿಕೆ ಅಂದು ಪ್ರಬಲವಾಗಿತ್ತು. ಪಿಂಕೆಲ್ಲರ ತಂಡ ಅಂಥ ಇಂಧನವನ್ನೂ ತುಂಬಿ ವಿಮಾನಗಳನ್ನು ಒಡೆದು ನೋಡಿತು. ತುಂತುರಾದ ಮೇಲೆ ಅದೂ ಪೆಟ್ರೋಲಿನಂತೆಯೇ ಹೊತ್ತಿಕೊಂಡಿತು. ಪ್ರಯೋಗವೊಂದು ಹಿತವಾದ ನಂಬಿಕೆಯನ್ನು ಹೀಗೆ ನೇರವಾಗಿ ಕೆಡವಿದಾಗ ವಿಜ್ಞಾನಿಗೆ ದುಃಖವಾಗುವುದೋ ಸಂತೋಷವಾಗುವುದೋ ಹೇಳುವುದು ಕಷ್ಟ.

ಇಂಧನದ ದಾರಿ ತಿಳಿಯಿತು. ಕಿಡಿಯ ಮೂಲ ಯಾವುದು? ಇದಕ್ಕೆ ಒಂದೇ ಉತ್ತರವಿರಲಿಲ್ಲ. ಎಂಜಿನಿನ ಹೊಗೆಕೊಳವೆಗಳು ಕೆಂಡದಂತೆ ಕಾದಿರುತ್ತವೆ. ಎಂಜಿನು ನಿಂತ ಮೇಲೂ ಆ ಲೋಹ ಕೂಡಲೇ ಆರುವುದಿಲ್ಲ. ಹೊಗೆಕೊಳವೆಯ ಬಾಯಿಂದ ಜ್ವಾಲೆಗಳು ಹೊರಡಬಹುದು. ಕಿತ್ತುಹೋದ ವಿದ್ಯುತ್ ತಂತಿಗಳು ಕಿಡಿ ಕಾರುತ್ತವೆ. ಒಡೆದ ದೀಪದ ಕಾದ ತಂತು ಸಹ ಸಾಕು. ವಿಮಾನದ ಹೊಟ್ಟೆಯು ನೆಲವನ್ನು ಉಜ್ಜುವಾಗ ಏಳುವ ಕಿಡಿಗಳ ವಿಷಯದಲ್ಲಿ ಪ್ರತ್ಯೇಕವಾದ ಪರೀಕ್ಷೆಗಳೇ ನಡೆದವು. ಬೇರೆಬೇರೆ ಲೋಹಗಳ ತುಂಡುಗಳನ್ನು ರನ್‌ವೇಯ ಮೇಲೆ ಒತ್ತಿ ಎಳೆದು, ಆ ಕಿಡಿಗಳ ನಡುವೆ ಇಂಧನವನ್ನು ಸಿಂಪಡಿಸಿ ನೋಡಿದರು. ಉಕ್ಕು, ಮೆಗ್ನೀಸಿಯಂ ಮತ್ತು ಟೈಟೇನಿಯಂ ಬೆಂಕಿ ಹೊತ್ತಿಸಬಲ್ಲವೆಂದೂ, ವಿಮಾನದ ಮೈಯಲ್ಲಿ ಹೆಚ್ಚಾಗಿರುವ ಅಲ್ಯೂಮಿನಿಯಂ ಹಾಗೆ ಮಾಡದೆಂದೂ ಕಂಡುಬಂತು. ಅದೃಷ್ಟವು ವಿಮಾನಯಾನಕ್ಕೆ ಇತ್ತ ಕೊಡುಗೆಗಳಲ್ಲಿ ಇದೂ ಒಂದೆನ್ನಬೇಕು. ಏಕೆಂದರೆ ಅಲ್ಯೂಮಿನಿಯಮ್ಮನ್ನು ಆರಿಸಿಕೊಂಡದ್ದು ಹಗುರವೆಂಬ ಕಾರಣಕ್ಕೆ, ಕಿಡಿಗೆ ಹೆದರಿ ಅಲ್ಲ.

ಇನ್ನೊಂದು ವಿಚಿತ್ರ. ಸೀಮೆಎಣ್ಣೆಯು ಪೆಟ್ರೋಲಿಗಿಂತ ಸೌಮ್ಯವೆಂದೆವಷ್ಟೆ. ಆದರೆ ಕಿಡಿಯ ಹಂಗಿಲ್ಲದೆ, ಬರಿಯ ಬಿಸಿಯಿಂದಲೇ ತಾನಾಗಿ ಹೊತ್ತಿಕೊಳ್ಳುವ ವಿಷಯದಲ್ಲಿ ಕ್ರಮ ತಲೆಕೆಳಗಾಗುತ್ತದೆ. ವಿಮಾನದ ಪೆಟ್ರೋಲಿಗೆ ಇದಕ್ಕೆ 400 ಡಿಗ್ರಿಗೂ ಹೆಚ್ಚಿನ ಬಿಸಿ ಬೇಕು. ಸೀಮೆಎಣ್ಣೆಗೆ ಪ್ರಯೋಗಶಾಲೆಯ ಪಾತ್ರೆಯಲ್ಲಿ 230 ಡಿಗ್ರಿಯ ಆಸುಪಾಸು ಸಾಕಾಗುತ್ತದೆ. ಆದುದರಿಂದ ಕಾದ ಲೋಹವನ್ನು ಹತೋಟಿಯಲ್ಲಿಡುವುದು ಎಷ್ಟು ಮುಖ್ಯವೆಂಬುದು ಸ್ಪಷ್ಟವಾಗುತ್ತದೆ.

ಪಿಂಕೆಲ್, ಪ್ರೆಸ್ಟನ್ ಮತ್ತು ಪೆಸ್ಮನ್ ಈ ಮೂವರು ಸೇರಿ ಬರೆದ 1950ರ ದಶಕದ ಆರಂಭದ ವರದಿಯಲ್ಲಿ ಈ ವಿಚಾರಗಳೆಲ್ಲ ಅಡಕವಾಗಿವೆ. ರೋಗದ ಮೂಲ ತಿಳಿದ ಮೇಲೆ ಔಷಧವನ್ನು ಯೋಚಿಸಬೇಕಲ್ಲವೆ? ಸುರಿಯುವ ಇಂಧನವನ್ನು ಆ ಗಳಿಗೆಯಲ್ಲಿ ತಡೆಯುವುದು ಅಸಾಧ್ಯ. ಗಾಳಿಯನ್ನು ದೂರವಿಡುವುದಂತೂ ಆಗದ ಮಾತು. ಉಳಿದುದು ಕಿಡಿಯೊಂದೇ. ವಿಮಾನವು ಬಡಿದ ಕೂಡಲೆ ತಾನಾಗಿ ಎಚ್ಚರಗೊಳ್ಳುವ ಒಂದು ಏರ್ಪಾಡನ್ನು ಅವರು ರೂಪಿಸಿದರು. ಅದು ಎಂಜಿನಿಗೆ ಹೋಗುವ ಇಂಧನವನ್ನು ನಿಲ್ಲಿಸುತ್ತದೆ, ವಿದ್ಯುತ್ತನ್ನು ಕಡಿಯುತ್ತದೆ, ಕಾದ ಹೊಗೆಕೊಳವೆಗಳ ಮೇಲೆ ನೀರನ್ನು ಸಿಂಪಡಿಸುತ್ತದೆ. ನೀರು ಲೋಹವನ್ನು ತಣಿಸುವುದಲ್ಲದೆ, ಉಗಿಯಾಗಿ ಎದ್ದು ಇಂಧನದ ಆವಿಯು ಲೋಹವನ್ನು ಮುಟ್ಟದಂತೆ ಮುಸುಕು ಹಾಕುತ್ತದೆ. ಈ ಸಾಧನವಿದ್ದ ವಿಮಾನಗಳನ್ನು ಅದೇ ಹಾದಿಯಲ್ಲಿ ಓಡಿಸಿ ಅದೇ ಕಂಬಗಳಿಗೆ ಬಡಿಸಿದಾಗ, ತೊಟ್ಟಿಗಳು ಸೀಳಿ ಕೆಂಪು ತುಂತುರು ಎಂಜಿನನ್ನು ಮುತ್ತಿಕೊಂಡರೂ ಬೆಂಕಿ ಏಳದೆ ವಿಮಾನ ಸುಮ್ಮನೆ ಬಿದ್ದಿರುವುದನ್ನು ನೋಡಬಹುದಾಯಿತು.

ಅಷ್ಟರಲ್ಲಿ ಜೆಟ್ ಎಂಜಿನುಗಳು ಬಂದವು. ಇವು ಗಾಳಿಯನ್ನು ಭಾರಿ ಪ್ರಮಾಣದಲ್ಲಿ ಹೀರುವ ಯಂತ್ರಗಳು. ಇಂಧನವನ್ನು ನಿಲ್ಲಿಸಿದರೂ ಇವುಗಳ ಚಕ್ರಗಳು ಸ್ವಲ್ಪ ಹೊತ್ತು ತಿರುಗುತ್ತಲೇ ಇದ್ದು, ಹೊರಗಿನ ತುಂತುರನ್ನು ತಾವೇ ಒಳಗೆಳೆದುಕೊಂಡು, ಒಳಗಿನ ಕಾದ ಲೋಹಕ್ಕೆ ಒಪ್ಪಿಸುತ್ತವೆ. ಬೆಂಕಿಯ ಬಳಿಗೆ ಎಣ್ಣೆ ಹೋಗಬೇಕಾದ ಶ್ರಮವೂ ಇಲ್ಲಿ ತಪ್ಪಿತು! ಪಿಂಕೆಲ್ಲರ ತಂಡವು 1957ರ ಹೊತ್ತಿಗೆ ಈ ಎಂಜಿನುಗಳನ್ನೂ ಪರೀಕ್ಷಿಸಿ, ಒಳಭಾಗಕ್ಕೆ ತಕ್ಕ ಸ್ಥಳಗಳಲ್ಲಿ ನೀರನ್ನು ಚಿಮುಕಿಸುವುದರಿಂದ ಬೆಂಕಿಯನ್ನು ತಡೆಯಬಹುದೆಂದು ತೋರಿಸಿತು.

ಇಷ್ಟಾದರೂ ಈ ಏರ್ಪಾಡು ಪ್ರಯಾಣಿಕರ ವಿಮಾನಗಳಲ್ಲಿ ರೂಢಿಗೆ ಬರಲಿಲ್ಲ. ವಾಚಕರಿಗೆ ಇದು ಅನ್ಯಾಯವೆಂದು ತೋರಬಹುದು. ಆದರೆ ಎದುರು ಪಕ್ಷದ ವಾದವನ್ನೂ ಕೇಳಬೇಕು. ನೀರು, ಅದರ ತೊಟ್ಟಿ, ಕೊಳವೆಗಳು ಇವೆಲ್ಲಕ್ಕೂ ತೂಕವಿದೆ. ವಿಮಾನವು ತನ್ನ ಆಯುಷ್ಯವೆಲ್ಲ ಅದನ್ನು ಹೊತ್ತು ತಿರುಗಬೇಕು. ಅದಕ್ಕಿಂತಲೂ ದೊಡ್ಡ ತೊಡಕು ಇನ್ನೊಂದು: ಎಂಜಿನುಗಳನ್ನೆಲ್ಲ ತಾನಾಗಿ ನಿಲ್ಲಿಸಬಲ್ಲ ಸಾಧನವು ಒಂದು ದಿನ ಭ್ರಮೆಗೊಂಡು ನಡು ಆಕಾಶದಲ್ಲಿ ಎಚ್ಚೆತ್ತರೆ ಗತಿಯೇನು? ಅಪರೂಪದ ಅಪಾಯವನ್ನು ತಪ್ಪಿಸುವ ಉಪಾಯವೇ ಹೊಸ ಅಪಾಯವಾಗಬಾರದೆಂಬ ಎಚ್ಚರಿಕೆ ಯಂತ್ರಶಿಲ್ಪಿಗಳಿಗೆ ಸಹಜ. ಹಾಗೆಂದು ರಾವೆನ್ನಾದ ಕೆಲಸ ವ್ಯರ್ಥವಾಯಿತೆಂದಲ್ಲ. ಬೆಂಕಿಗೆ ಸಂಬಂಧಿಸಿದ ಮಾತು ಬಂದಲ್ಲೆಲ್ಲ ಇಂದಿಗೂ ತಜ್ಞರು ಆ ವರದಿಗಳನ್ನು ತೆರೆದು ನೋಡುತ್ತಾರೆ.

ಅದೇ ವಿಮಾನಗಳಲ್ಲಿ ಮನುಷ್ಯಾಕೃತಿಯ ಬೊಂಬೆಗಳನ್ನು ಕೂರಿಸಿ, ಪೆಟ್ಟಿನ ಬಲ ದೇಹಕ್ಕೆ ತಗುಲುವ ಬಗೆಯನ್ನೂ ಅಳೆದರು. ಬೆಂಕಿಯ ಅಧ್ಯಯನಕ್ಕೂ ಕುರ್ಚಿಯ ಭದ್ರತೆಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ. ಕುರ್ಚಿ ಕಿತ್ತುಬಂದು ಕಾಲು ಮುರಿದವನು, ತಲೆಗೆ ಪೆಟ್ಟಾಗಿ ಎಚ್ಚರದಪ್ಪಿದವನು, ಬೆಂಕಿ ಬರುವ ಮುನ್ನ ಬಾಗಿಲನ್ನು ಸೇರಲಾರನು. ಉರಿಯುವ ವಿಮಾನದಲ್ಲಿ ಬದುಕುವುದೆಂದರೆ ಸಮಯದ ಲೆಕ್ಕ. ಈ ಲೆಕ್ಕವು ಕಾಲಕ್ರಮದಲ್ಲಿ ಕಾನೂನಿನಲ್ಲಿಯೂ ಸೇರಿತು. ತುಂಬಿದ ವಿಮಾನವನ್ನು ಅರ್ಧದಷ್ಟು ಬಾಗಿಲುಗಳಿಂದ 90 ಸೆಕೆಂಡುಗಳೊಳಗೆ ಬರಿದುಮಾಡಬಹುದೆಂದು ತಯಾರಕರು ತೋರಿಸಬೇಕೆಂಬ ನಿಯಮವು ಅಮೆರಿಕದಲ್ಲಿ 1967ರಲ್ಲಿ ಜಾರಿಗೆ ಬಂತು.

ಅದೇ 1967ರ ಜನವರಿ 27ರಂದು ಬೇರೊಂದು ಬಗೆಯ ಬೆಂಕಿ ಪಿಂಕೆಲ್ಲರ ಮುಂದೆ ಬಂದು ನಿಂತಿತು. ಚಂದ್ರಯಾನದ ಸಿದ್ಧತೆಯಲ್ಲಿದ್ದ ಅಪೊಲೊ ನೌಕೆಯು ನೆಲದ ಮೇಲೆ ಪರೀಕ್ಷೆಗೆ ಒಳಗಾಗಿದ್ದಾಗ ಹೊತ್ತಿಕೊಂಡು, ಗ್ರಿಸಂ, ವೈಟ್ ಮತ್ತು ಚಾಫಿ ಎಂಬ ಮೂವರು ಗಗನಯಾತ್ರಿಗಳು ಒಳಗೇ ಮಡಿದರು. ನೌಕೆಯಲ್ಲಿ ತುಂಬಿದ್ದುದು ಗಾಳಿಯಲ್ಲ, ಹೊರಗಿನ ವಾಯುಭಾರಕ್ಕಿಂತ ತುಸು ಹೆಚ್ಚಿನ ಒತ್ತಡದಲ್ಲಿದ್ದ ಶುದ್ಧ ಆಮ್ಲಜನಕ. ಗಾಳಿಯಲ್ಲಿ ಉರಿಯಲು ಮೈಗಳ್ಳತನ ತೋರುವ ನೈಲಾನು ಮುಂತಾದ ವಸ್ತುಗಳು ಅಲ್ಲಿ ಮತಾಪಿನಂತೆ ಉರಿಯುತ್ತವೆ. ಬಾಗಿಲು ಒಳಮುಖವಾಗಿ ತೆರೆಯುವಂಥದು. ಬೆಂಕಿಯಿಂದ ಒತ್ತಡವೇರಿದಾಗ ಅದನ್ನು ಎಳೆಯುವುದು ಮನುಷ್ಯಶಕ್ತಿಗೆ ಮೀರಿದ ಮಾತಾಯಿತು. ತನಿಖೆಯ ಮಂಡಲಿಗೆ ಸಲಹೆ ಕೊಟ್ಟವರಲ್ಲಿ ಪಿಂಕೆಲ್ಲರೂ ಒಬ್ಬರು. ಮರುವರ್ಷ ಲೂಯಿಸ್ ಕೇಂದ್ರದಲ್ಲಿ, ವಿಮಾನ ಮತ್ತು ಆಕಾಶಯಾನಗಳ ಸುರಕ್ಷತೆಯ ಬಗ್ಗೆ ಎಲ್ಲ ಕಡೆಯ ತಿಳಿವಳಿಕೆಯನ್ನೂ ಒಂದೆಡೆ ಕಲೆಹಾಕುವ ಸಂಸ್ಥೆಯೊಂದು ಆರಂಭವಾಯಿತು. ಅದರ ನಿರ್ದೇಶಕರಾದವರೂ ಅವರೇ. 1970ರ ಏಪ್ರಿಲಿನಲ್ಲಿ ಅಪೊಲೊ 13 ಚಂದ್ರನ ದಾರಿಯಲ್ಲಿದ್ದಾಗ ಅದರ ಆಮ್ಲಜನಕದ ತೊಟ್ಟಿಯೊಂದು ಸಿಡಿಯಿತಷ್ಟೆ. ಅದರ ವಿಚಾರಣೆಯಲ್ಲಿ ಅವರು ವೀಕ್ಷಕರಾಗಿ ಕುಳಿತರು. 28 ವೋಲ್ಟಿಗೆ ತಕ್ಕಂತೆ ಮಾಡಿದ ಒಂದು ಚಿಕ್ಕ ಗುಂಡಿಗೆ ನೆಲದ ಮೇಲೆ 65 ವೋಲ್ಟ್ ಹರಿಸಿದ್ದರಿಂದ ಅದು ಬೆಸೆದುಹೋಗಿ, ತೊಟ್ಟಿಯೊಳಗಿನ ತಂತಿಗಳ ಹೊದಿಕೆ ಸುಟ್ಟುಹೋಗಿತ್ತೆಂದು ಅಲ್ಲಿ ತೀರ್ಮಾನವಾಯಿತು. ಕಿಡಿ ಎಲ್ಲಿಂದ, ಉರಿಯುವ ವಸ್ತು ಯಾವುದು, ಅವು ಕೂಡಿದ್ದು ಯಾವಾಗ: ರಾವೆನ್ನಾದ ಬಯಲಿನಲ್ಲಿ ಕೇಳಿದ ಪ್ರಶ್ನೆಗಳೇ ಇವು.

ತುಂತುರಿನ ವಿಚಾರ ಅಷ್ಟಕ್ಕೆ ಮುಗಿಯಲಿಲ್ಲ. ಎಣ್ಣೆಯನ್ನು ತುಂತುರಾಗದಂತೆಯೇ ಮಾಡಿದರೆ ಹೇಗೆ? ಉದ್ದನೆಯ ಅಣುಗಳ ಒಂದು ವಸ್ತುವನ್ನು ಜೆಟ್ ಇಂಧನಕ್ಕೆ ಸ್ವಲ್ಪವೇ ಬೆರೆಸಿದರೆ, ಅದು ಗಾಳಿಗೆ ಸಿಕ್ಕಾಗ ನವಿರಾಗಿ ಒಡೆಯದೆ ದೊಡ್ಡ ಹನಿಗಳಾಗಿ, ಎಳೆಗಳಾಗಿ ಬೀಳುತ್ತದೆಂದು ಕಂಡುಕೊಂಡರು. ಇದನ್ನು ಪರೀಕ್ಷಿಸಲು 1984ರ ಡಿಸೆಂಬರ್ 1ರಂದು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ನಾಲ್ಕು ಎಂಜಿನುಗಳ ಬೋಯಿಂಗ್ 720 ವಿಮಾನವನ್ನು ದೂರದಿಂದ ನಡೆಯಿಸಿ ನೆಲಕ್ಕೆ ಇಳಿಸಿದರು. ರೆಕ್ಕೆಗಳನ್ನು ಸೀಳಲು ನೆಲದಲ್ಲಿ ಉಕ್ಕಿನ ಕತ್ತರಿಗಳನ್ನು ನೆಟ್ಟಿದ್ದರು. ಆದರೆ ವಿಮಾನವು ಎಡರೆಕ್ಕೆ ಬಾಗಿ, ಅಡ್ಡವಾಗಿ ತಿರುಗಿ ಬಂತು. ಕತ್ತರಿಯು ಉರಿಯುತ್ತಿದ್ದ ಎಂಜಿನನ್ನೇ ಸೀಳಿತು. ಬೃಹತ್ ಜ್ವಾಲೆಯೆದ್ದು ವಿಮಾನ ಭಸ್ಮವಾಯಿತು. ಆ ಇಂಧನವನ್ನು ಬಳಕೆಗೆ ತರುವ ಯೋಜನೆಯೂ ಅಲ್ಲಿಗೆ ನಿಂತಿತು. ಒಂದೇ ಪ್ರಯೋಗದ ಮೇಲೆ ಇಷ್ಟು ದೊಡ್ಡ ತೀರ್ಪು ನೀಡಿದ್ದು ಸರಿಯೆ ಎಂದು ನಮಗೆ ಸಂದೇಹವಿದೆ. ಆದರೆ ನಿಜವಾದ ಅಪಘಾತವೂ ನಕ್ಷೆಯಂತೆ ನಡೆಯುವುದಿಲ್ಲವೆಂಬ ಆಕ್ಷೇಪಣೆಗೆ ಉತ್ತರ ಹೇಳುವುದೂ ಕಷ್ಟ.

ಮರುವರ್ಷ, 1985ರ ಆಗಸ್ಟ್ 22ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ವಿಮಾನವೊಂದರ ಎಂಜಿನು ಏರುವ ಮೊದಲೇ ಸಿಡಿದು ರೆಕ್ಕೆಯ ತೊಟ್ಟಿಯನ್ನು ತೂತುಮಾಡಿತು. ಚಾಲಕರು ವಿಮಾನವನ್ನು ರನ್‌ವೇಯಿಂದ ಪಕ್ಕದ ಹಾದಿಗೆ ತಿರುಗಿಸಿ ಸುರಕ್ಷಿತವಾಗಿ ನಿಲ್ಲಿಸಿದರು. ಯಾರಿಗೂ ಪೆಟ್ಟಿನ ಗಾಯವಿಲ್ಲ. ಆದರೂ 137 ಮಂದಿಯಲ್ಲಿ 55 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ವಿಷಮಯವಾದ ಹೊಗೆಯಿಂದ. ಕುರ್ಚಿಯ ಮೆತ್ತೆಗಳಿಗೆ ಬೇಗ ಹೊತ್ತಿಕೊಳ್ಳದ ಹೊದಿಕೆ, ಹೊಗೆಯಲ್ಲಿಯೂ ದಾರಿ ತೋರುವಂತೆ ನೆಲದ ಮಟ್ಟದಲ್ಲಿ ದೀಪಗಳ ಸಾಲು, ಸುಲಭವಾಗಿ ಉರಿಯದ ಒಳಗೋಡೆಗಳು, ಇವು ವಿಮಾನಗಳಲ್ಲಿ ಕಡ್ಡಾಯವಾದದ್ದು ಆ ದಶಕದಲ್ಲಿಯೇ. ಇಂದು ವಿಮಾನದಲ್ಲಿ ಕುಳಿತುಕೊಳ್ಳುವ ನಾವು ಇವನ್ನು ಗಮನಿಸುವುದೇ ಇಲ್ಲ.

ಇದುವರೆಗೆ ನಾವು ಹೇಳಿದ್ದು ಒಡೆದ ತೊಟ್ಟಿಯ ಕಥೆ. ಒಡೆಯದ ತೊಟ್ಟಿಯೂ ಅಪಾಯಕಾರಿಯೆ? 1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಹೊರಟ ಬೋಯಿಂಗ್ 747 ವಿಮಾನವು 12 ನಿಮಿಷಗಳ ತರುವಾಯ ಸಮುದ್ರದ ಮೇಲೆ ಸಿಡಿದು 230 ಮಂದಿ ಮಡಿದರು. ನಾಲ್ಕು ವರ್ಷಗಳ ತನಿಖೆಯ ಕೊನೆಯಲ್ಲಿ ಸ್ಫೋಟವು ನಡುವಿನ ಇಂಧನದ ತೊಟ್ಟಿಯಲ್ಲಿ ಆದುದೆಂದು ನಿರ್ಣಯವಾಯಿತು. ಸುಮಾರು 49,000 ಲೀಟರ್ ಹಿಡಿಯುವ ಆ ತೊಟ್ಟಿಯಲ್ಲಿ 200 ಲೀಟರಿನಷ್ಟು ಮಾತ್ರ ಎಣ್ಣೆಯಿತ್ತು. ಉಳಿದುದೆಲ್ಲ ಆವಿ ಬೆರೆತ ಗಾಳಿ. ತುಂಬಿದ ತೊಟ್ಟಿಗಿಂತ ಬರಿದಾದ ತೊಟ್ಟಿಯೇ ಹೆಚ್ಚು ಅಪಾಯಕಾರಿ ಎಂಬುದು ಕೇಳಲು ಒಗಟಿನಂತಿದೆ. ತೊಟ್ಟಿಯ ಕೆಳಗೇ ಇದ್ದ ಹವಾನಿಯಂತ್ರಣದ ಯಂತ್ರಗಳು, ವಿಮಾನವು ನೆಲದಲ್ಲಿ ಕಾದಿದ್ದಾಗಲೆಲ್ಲ ನಡೆಯುತ್ತಿದ್ದು, ಆ ಸ್ವಲ್ಪ ಎಣ್ಣೆಯನ್ನು ಕಾಯಿಸಿದ್ದವು. ಕ್ಯಾಲಿಫೋರ್ನಿಯಾ ತಂತ್ರವಿದ್ಯಾ ಸಂಸ್ಥೆಯ ಪ್ರಾಧ್ಯಾಪಕ ಜೋಸೆಫ್ ಶೆಫರ್ಡ್ ಮತ್ತು ಅವರ ಸಂಗಡಿಗರು ಈ ಆವಿಯನ್ನು ಪಾತ್ರೆಗಳಲ್ಲಿ ಸಿಡಿಸಿ, ತೊಟ್ಟಿಯ ಕಾಲಂಶದಷ್ಟು ಗಾತ್ರದ ಮಾದರಿಗಳ ಪರೀಕ್ಷೆಗಳಲ್ಲಿಯೂ ಸೇರಿ, ಇಂಧನವು ಕೆಲವೇ ಡಿಗ್ರಿಗಳಷ್ಟು ಹೆಚ್ಚು ಬೆಚ್ಚಗಾದರೆ ಅದನ್ನು ಹೊತ್ತಿಸಲು ಬೇಕಾದ ಕಿಡಿಯ ಶಕ್ತಿ ಅನೇಕ ಪಟ್ಟು ಇಳಿಯುತ್ತದೆಂದು ಅಳೆದು ತೋರಿಸಿದರು. ಕಿಡಿ ಎಲ್ಲಿಂದ ಬಂತೆಂಬುದನ್ನು ನಿಶ್ಚಯವಾಗಿ ಹೇಳಲಾಗಲಿಲ್ಲ; ವಿದ್ಯುತ್ ತಂತಿಗಳಲ್ಲಿಯ ದೋಷದಿಂದ ಬಂದಿರುವ ಸಂಭವವೇ ಹೆಚ್ಚೆಂದು ತನಿಖೆಯವರು ಎಣಿಸಿದರು.

ಪಿಂಕೆಲ್ಲರು ಗಾಳಿಯನ್ನು ದೂರವಿಡಲಾರದೆ ಕಿಡಿಯನ್ನು ಹಿಡಿದರೆಂದು ಹಿಂದೆ ಹೇಳಿದೆವು. ಬಯಲಿನ ಗಾಳಿಗೆ ಅದು ನಿಜ. ಆದರೆ ಮುಚ್ಚಿದ ತೊಟ್ಟಿಯೊಳಗಿನ ಗಾಳಿ ಮನುಷ್ಯನ ಕೈಗೆ ಸಿಕ್ಕುವಂಥದು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕವಿದೆ. ತೊಟ್ಟಿಯಲ್ಲಿ ಅದನ್ನು ಸುಮಾರು 12ಕ್ಕೆ ಇಳಿಸಿದರೆ ಕಿಡಿ ಬಿದ್ದರೂ ಸ್ಫೋಟವಾಗುವುದಿಲ್ಲ. ಎಂಜಿನಿನಿಂದ ತೆಗೆದ ಒತ್ತಿದ ಗಾಳಿಯನ್ನು ಕೂದಲಿನಂಥ ಟೊಳ್ಳು ಎಳೆಗಳ ಕಟ್ಟುಗಳ ಮೂಲಕ ಹಾಯಿಸಿದರೆ, ಆಮ್ಲಜನಕವು ಎಳೆಗಳ ಗೋಡೆಯಿಂದ ಬೇಗ ಸೋರಿಹೋಗಿ, ಸಾರಜನಕ ಹೆಚ್ಚಾಗಿರುವ ಗಾಳಿ ಕೊನೆಯಲ್ಲಿ ದೊರೆಯುತ್ತದೆ. ಅದನ್ನು ತೊಟ್ಟಿಗೆ ತುಂಬುತ್ತಾರೆ. ಅಮೆರಿಕದ ವಿಮಾನಯಾನ ಇಲಾಖೆಯು 2008ರಲ್ಲಿ ಇಂಥ ರಕ್ಷಣೆಯನ್ನು ದೊಡ್ಡ ಪ್ರಯಾಣಿಕ ವಿಮಾನಗಳಿಗೆ ವಿಧಿಸಿತು.

2024ರ ಜನವರಿ 2ರ ಸಂಜೆ ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಏರ್‌ಬಸ್ ಎ350 ವಿಮಾನವು ರನ್‌ವೇಯಲ್ಲಿದ್ದ ಕರಾವಳಿ ಪಡೆಯ ವಿಮಾನಕ್ಕೆ ಬಡಿದು ಉರಿಯುತ್ತಲೇ ಓಡಿ ನಿಂತಿತು. ಚಿಕ್ಕ ವಿಮಾನದಲ್ಲಿದ್ದ ಆರು ಮಂದಿಯಲ್ಲಿ ಐವರು ಮೃತರಾದರು. ದೊಡ್ಡ ವಿಮಾನದಲ್ಲಿ 379 ಮಂದಿಯಿದ್ದರು. ಒಳಗಿನ ಧ್ವನಿವರ್ಧಕ ಕೆಟ್ಟುಹೋಗಿದ್ದುದರಿಂದ ಸಿಬ್ಬಂದಿಯವರು ಕೈಯಲ್ಲಿ ಹಿಡಿಯುವ ಕಹಳೆಯಿಂದ ಕೂಗಿ, ಎಂಟು ಬಾಗಿಲುಗಳಲ್ಲಿ ಸುರಕ್ಷಿತವೆಂದು ಕಂಡ ಮೂರನ್ನು ಮಾತ್ರ ತೆರೆದರು. ಸಾಮಾನುಗಳನ್ನು ಬಿಟ್ಟು ಹೊರಡಿರೆಂದು ಹೇಳಿದ ಮಾತನ್ನು ಪ್ರಯಾಣಿಕರು ಕೇಳಿದರು. ವಿಮಾನ ನಿಂತ ಸುಮಾರು 18 ನಿಮಿಷಗಳಲ್ಲಿ ಕೊನೆಯವರೂ ಹೊರಬಂದರು. ಎಲ್ಲ 379 ಮಂದಿಯೂ ಬದುಕಿದರು. ಬಳಿಕ ವಿಮಾನದ ಒಡಲು ಗಂಟೆಗಟ್ಟಲೆ ಉರಿಯಿತು. ಉಳಿದದ್ದು ರೆಕ್ಕೆಗಳು ಮತ್ತು ಬೂದಿ.